ದೇವರ ಜಗಲಿಯ ಹ್ಯಾಂಡ್‌ಬಿಲ್ಲುಗಳು

ನನ್ನ ಅತ್ತೆಮನೆಯ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿ, ಗಂಟೆ, ಊದಿನಕಡ್ಡಿಗಳ ಸಂಗಡ ಒಂದು ಆನೆಯೂ ಇರುತ್ತಿತ್ತು. ಕೆಲವು ಸಲ ಹುಲಿ, ಕೆಲವು ಸಲ ಒಂಟಿ ಗಾಲಿಯ ಸೈಕಲ್ ಮೇಲೆ ಕೈ ಚಾಚಿ ನಿಂತ ಹುಡುಗಿ. ಎಲ್ಲವೂ ಕಾಗದದ ಮೇಲೆ ಅಚ್ಚಾದವು. ಮದುವೆಯಾಗಿ ಬಂದ ಮರುದಿನ ಮುಂಜಾನೆ ಜಳಕ ಮಾಡಿ, ತಲೆಯ ಮೇಲೆ ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ ಜಗಲಿಯ ಮುಂದೆ ಬಗ್ಗಿ ನಮಸ್ಕಾರ ಮಾಡಿದೆ. ತಲೆ ಎತ್ತಿದರೆ ಎದುರಿಗೆ ಗುಲಾಬಿ ಬಣ್ಣದ ಹಾಳೆಯಲ್ಲಿ ಉದ್ದ ಟೊಪ್ಪಿಗೆಯ ಜೋಕರ್ ಹಲ್ಲು ಕಿಸಿಯುತ್ತಿದ್ದ. ಅವನ ತಲೆಯ ಮೇಲೆ ವಿಭೂತಿಯ ಗೆರೆ ಬೇರೆ ಎಳೆದಿದ್ದರು. ನನಗೆ ತಡೆಯಲಾರದಷ್ಟು ನಗು ಬಂತು. ಹೊಸ ಸೊಸೆ ದೇವರ ಮುಂದೆ ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಹಿಂದೆ ನಿಂತಿದ್ದ ಅತ್ತೆ ಅದನ್ನು ನೋಡಿಬಿಟ್ಟರು.

“ನಗು ಯವ್ವಾ, ನಗು. ನಾನೂ ಬಂದ ವರ್ಷ ನಕ್ಕಿದ್ದೆ. ಆಮ್ಯಾಲ ನಗೂದ ಬಿಟ್ಟೆ.”

ಮಕ್ಕಳೇ, ನಿಮ್ಮ ಸಾಲಿಯಲ್ಲಿ ಅಜ್ಜಿಯ ಬಾಲ್ಯದ ಮನೆಯ ಬಗ್ಗೆ ಕೇಳಿಕೊಂಡು ಬರಲು ಹೇಳಿದ್ದಾರೆಂದು ಮೊನ್ನೆ ಬಂದು ಕೂತಿರಿ. ನಾನು ಅಮ್ಮಿನಬಾವಿಯ ಮನೆಯ ಬಗ್ಗೆ ನಾಲ್ಕು ಮಾತು ಹೇಳಿ ಕಳಿಸಿದೆ. ಅದು ಸುಳ್ಳಲ್ಲ. ಅಲ್ಲಿ ಹುಟ್ಟಿದೆ, ಅಲ್ಲಿನ ಕನ್ನಡ ಸಾಲಿಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಆದರೆ ಆ ಮನೆಯಲ್ಲಿ ನಾನು ಬಾಯಿ ತೆರೆದದ್ದು ಉಣ್ಣಲಿಕ್ಕೆ ಮಾತ್ರ ಎಂದು ನಮ್ಮಪ್ಪ ಎಲ್ಲರ ಮುಂದೆ ಹೇಳುತ್ತಿದ್ದ. ಬೀಗರು ಬಂದರೆ ಕಣಜದ ಹಿಂದೆ ಅಡಗುತ್ತಿದ್ದೆ. ನಾನು ನಾನಾಗಿದ್ದು ಹಳೇ ಹುಬ್ಬಳ್ಳಿಯ ಓಣಿಯ ಆ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಮದುವೆಯಾದ ಮೇಲೆ. ನಿಮ್ಮವ್ವ ಹುಟ್ಟಿ, ಹೊಸ್ತಿಲ ಮೇಲೆ ಎಡವಿ ಬಿದ್ದು ಹಲ್ಲು ಮುರಿದುಕೊಂಡದ್ದೂ ಅದೇ ಮನೆಯಲ್ಲಿ. ಅವಳ ಬಾಲ್ಯದ ಮನೆಯೂ ಅದೇ, ನನ್ನದೂ ಅದೇ ಎಂದು ನಾನು ಲೆಕ್ಕ ಹಿಡಿದಿದ್ದೇನೆ. ಆದ್ದರಿಂದ ನಿಮ್ಮ ಸಾಲಿಯವರಿಗೆ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆದಿಡುತ್ತೇನೆ. ನಿಮ್ಮ ಅಜ್ಜ ಹೋದ ಮೇಲೆ ಹೊತ್ತು ಹೋಗದೆ ಬರೆಯುತ್ತಿದ್ದಾಳೆ ಎಂದು ತಿಳಿಯಬೇಡಿ. ನನಗೆ ಹೇಳುವುದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಮನೆ ದೊಡ್ಡದೇನಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಬಲಗಡೆ ದೇವರ ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಹಿತ್ತಲು. ಪಡಸಾಲೆಯ ಮೂಲೆಯಲ್ಲಿ ಒಂದು ದೊಡ್ಡ ಕಬ್ಬಿಣದ ಟ್ರಂಕು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮುಂಜಾನೆ ಶುರುವಾದರೆ ಹೊತ್ತು ಏರುವತನಕ ನಿಲ್ಲುತ್ತಿರಲಿಲ್ಲ, ಏಕೆಂದರೆ ಮಾವನವರ ಸಂಗಡ ಯಾವಾಗಲೂ ಯಾರಾದರೊಬ್ಬರು ಉಣ್ಣಲಿಕ್ಕೆ ಬರುತ್ತಿದ್ದರು: ನಾಟಕ ಕಂಪನಿಯ ಮ್ಯಾನೇಜರ, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವವ, ಸರ್ಕಸ್ಸಿನ ಡೇರೆ ಕಟ್ಟುವವ. ಮಾವನವರ ಹೆಸರು ಶಿವಪ್ಪ. ಓಣಿಯಲ್ಲಿ ಅವರನ್ನು ಕರೆಯುತ್ತಿದ್ದದ್ದು ‘ಬರ್ರೀ ಶಿವಪ್ಪ’ ಎಂದು. ಹುಬ್ಬಳ್ಳಿಗೆ ನಾಟಕ ಕಂಪನಿ ಬಂದು ಕ್ಯಾಂಪ್ ಹಾಕಿದರೆ, ಮೈದಾನದಲ್ಲಿ ಸರ್ಕಸ್ಸಿನ ಡೇರೆ ಎದ್ದರೆ, ಮೃತ್ಯುಕೂಪದಲ್ಲಿ ಮೋಟರ್‌ಸೈಕಲ್ ಓಡಿಸುವವರು ಬಂದರೆ, ಊರಿಗೆಲ್ಲ ಅದನ್ನು ಸಾರುವವರು ಇವರೇ. ಟಾಂಗಾದ ಎರಡೂ ಕಡೆ ಬಣ್ಣದ ಪೋಸ್ಟರ್ ಕಟ್ಟಿ, ಮೇಲೆ ದನಿ ದೊಡ್ಡದು ಮಾಡುವ ಭೋಂಗಾ ಇಟ್ಟು, ಮೈಕ್ ಹಿಡಿದು ಕೂತರೆಂದರೆ ದುರ್ಗದಬೈಲಿನಿಂದ ಉಣಕಲ್ಲಿನ ತನಕ ಅವರ ದನಿ. ಕೆಲವು ಸಲ ಪಕ್ಕದ ಸುಳ್ಳ ಊರಿನಂಥ ಹಳ್ಳಿಗಳಿಗೂ ಹೋಗುತ್ತಿದ್ದರು. ಒಂದು ಕೈಯಲ್ಲಿ ಮೈಕ್, ಇನ್ನೊಂದು ಕೈಯಿಂದ ಹ್ಯಾಂಡ್‌ಬಿಲ್ ತೂರುವುದು. ಮಕ್ಕಳು ಟಾಂಗಾದ ಹಿಂದೆ ಓಡುವುದು. ಮಾತಿಗೊಮ್ಮೆ “ಬರ್ರಿ, ಎಲ್ಲಾರೂ ಬರ್ರಿ.” ಆ ಹೆಸರು ಬಂದದ್ದು ಹಾಗೆ.

ಪ್ರೆಸ್ಸಿನಿಂದ ಹ್ಯಾಂಡ್‌ಬಿಲ್ಲಿನ ಕಟ್ಟು ಮನೆಗೆ ಬಂದಾಗ ಮಾವನವರು ಮಾಡುತ್ತಿದ್ದ ಒಂದು ಕೆಲಸವಿತ್ತು. ಅದನ್ನು ಮಾಡದೆ ಒಂದು ಹಾಳೆಯೂ ಹೊರಗೆ ಹೋಗುತ್ತಿರಲಿಲ್ಲ. ಕಾಲು ತೊಳೆದುಕೊಂಡು ಬಂದು ಕಟ್ಟಿನ ಹುರಿ ಬಿಚ್ಚುವರು. ಮೇಲಿನ ಹಾಳೆಗೆ ಹುರಿಯ ಗೀರು ಬಿದ್ದಿರುತ್ತದೆಂದು ಅದನ್ನು ಪಕ್ಕಕ್ಕಿಟ್ಟು ಕೆಳಗಿನದನ್ನು ತೆಗೆದು, ಅದರ ನೆತ್ತಿಗೆ ವಿಭೂತಿ ಎಳೆದು ಜಗಲಿಯ ಮೇಲೆ ನಿಲ್ಲಿಸುವರು. ಮದುವೆಯ ಕಾರ್ಡನ್ನು ಮೊದಲು ದೇವರಿಗೆ ಇಡುತ್ತೇವಲ್ಲ, ಹಾಗೆ. ನಾವು ಅದನ್ನು ದೇವರ ಬಿಲ್ ಎನ್ನುತ್ತಿದ್ದೆವು. ಕ್ಯಾಂಪ್ ಮುಗಿದು ಕಂಪನಿ ಬೇರೆ ಊರಿಗೆ ಹೋದ ಮೇಲೆ ಆ ಹಾಳೆ ಜಗಲಿಯಿಂದ ಇಳಿದು ಟ್ರಂಕು ಸೇರುತ್ತಿತ್ತು. ಅದನ್ನು ಹರಿಯುವಂತಿಲ್ಲ, ತುಳಿಯುವಂತಿಲ್ಲ, ರದ್ದಿಗೆ ಹಾಕುವಂತಿಲ್ಲ. ಒಮ್ಮೆ ನಾನು ಧೈರ್ಯ ಮಾಡಿ, ಇದನ್ನು ದೇವರಿಗೆ ಯಾಕೆ ಇಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ಅಂದರು:

“ಊರ ಮಂದೀನ ಕರಿಯಾಕ ಹೊಂಟೇನಿ. ಮನಿ ದೇವರನ್ನ ಬಿಟ್ಟು ಹೆಂಗ ಕರೀಲಿ ಯವ್ವಾ?”

ಮಾವನವರಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಚಾಳೀಸು ಮಾಡಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಟಾಂಗಾದ ಮೇಲೆ ಚಾಳೀಸು ಹಾಕಿಕೊಂಡು ಕೂತರೆ ಜನ ಮಾಸ್ತರ ಬಂದ ಎಂದು ಓಡಿಹೋಗುತ್ತಾರೆ ಎನ್ನುವರು. ನಾನು ಬರುವ ಮೊದಲು ನಿಮ್ಮ ಅಜ್ಜ ಹ್ಯಾಂಡ್‌ಬಿಲ್ ಓದಿ ಹೇಳುತ್ತಿದ್ದರು, ಅದೂ ಗಡಿಬಿಡಿಯಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲು. ಸೊಸೆ ಏಳನೆಯ ತರಗತಿ ಓದಿದ್ದಾಳೆಂದು ತಿಳಿದ ಮೇಲೆ ಆ ಕೆಲಸ ನನಗೆ ಬಂತು. ನಾನು ಒಲೆಯ ಮುಂದೆ ಕೂತು, ಅವರು ಅಡಿಗೆಮನೆಯ ಹೊಸ್ತಿಲಾಚೆ ಗೋಡೆಗೆ ಒರಗಿ ಕೂತು, ನಡುವೆ ಅತ್ತೆ ರೊಟ್ಟಿ ಬಡಿಯುತ್ತ. ಮಾವನ ಮುಂದೆ ದನಿ ಎತ್ತುವುದು ಹೇಗೆಂದು ಮೊದಲ ದಿನ ನಾನು ಓದಿದ್ದು ಒಲೆಗೂ ಕೇಳಿಸಲಿಲ್ಲ. ಆಮೇಲೆ ಸಾಲಿಯಲ್ಲಿ ಪಾಠ ಓದುವಂತೆ ಒಂದೇ ಉಸಿರಿನಲ್ಲಿ ಓದಿ ಮುಗಿಸಿದೆ.

“ಹಂಗಲ್ಲ ಯವ್ವಾ ಗಿರಿಜಾ,” ಅಂದರು ಮಾವನವರು. “ನೀ ಓದಾಕತ್ತಿ. ಓದಬ್ಯಾಡ, ಕರಿ. ದೂರದಾಗ ಯಾರೋ ಹೊಂಟಾರ, ನಿನಗ ಅವರು ಬೇಕಾಗ್ಯಾರ. ಹೆಂಗ ಕರೀತಿ?”

“ನಮ್ಮ ಊರಾಗ ಎಮ್ಮಿ ಕರದಂಗ ಕರೀಲೇನ್ರಿ?” ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ಮಾವನವರು ನಗಲಿಲ್ಲ.

“ಖರೇ ಹೇಳಿದಿ. ಹಂಗ ಕರಿ, ಹೊಟ್ಟಿಯಿಂದ ಉಸರ ತಗೊಂಡು.”

ಹೀಗೆ ಹುಬ್ಬಳ್ಳಿಗೆ ಬಂದ ಪ್ರತಿಯೊಂದು ಸರ್ಕಸ್ಸನ್ನು, ಪ್ರತಿಯೊಂದು ನಾಟಕವನ್ನು ಮೊದಲು ಸಾರಿದ್ದು ನಮ್ಮ ಅಡಿಗೆಮನೆಯಲ್ಲಿ, ನನ್ನ ದನಿಯಲ್ಲಿ. ನಾನು ಎಲ್ಲಿ ಉಸಿರು ನಿಲ್ಲಿಸಿದೆನೋ ಅಲ್ಲೇ ಮಾವನವರು ಟಾಂಗಾದ ಮೇಲೆ ನಿಲ್ಲಿಸುತ್ತಿದ್ದರು. ಓಣಿಯ ತಿರುವಿನಲ್ಲಿ ಭೋಂಗಾದಿಂದ ನನ್ನದೇ ಓಟ, ನನ್ನದೇ ಎಳೆತ ತೇಲಿ ಬಂದಾಗ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ ನಾನು ಒಬ್ಬಳೇ ನೆಟ್ಟಗೆ ನಿಲ್ಲುತ್ತಿದ್ದೆ. ಮನೆಯಲ್ಲಿ ಓದಲಿಕ್ಕೆ ಬೇರೆ ಪುಸ್ತಕವಿರಲಿಲ್ಲ. ಬೇರೆ ಯಾರೂ ನನ್ನ ದನಿ ಕೇಳಿರಲಿಲ್ಲ. ಆ ಹಾಳೆಗಳು ಇಲ್ಲದಿದ್ದರೆ ಕಲಿತ ನಾಲ್ಕಕ್ಷರ ಮರೆತು, ಇದ್ದ ದನಿಯೂ ಅಡಗಿ ಹೋಗುತ್ತಿತ್ತು. ಇದನ್ನು ನಾನು ಅಂದೇ ತಿಳಿದಿದ್ದೆ.

ಹ್ಯಾಂಡ್‌ಬಿಲ್ಲಿನ ಕೆಳಗೆ ಯಾವಾಗಲೂ ಒಂದು ಸಾಲು ಇರುತ್ತಿತ್ತು: ‘ಸ್ತ್ರೀಯರಿಗೆ ಪ್ರತ್ಯೇಕ ಆಸನಗಳ ವ್ಯವಸ್ಥೆ ಇದೆ.’ ನಿಮ್ಮ ಅಜ್ಜ ಓದುವಾಗ ಆ ಸಾಲನ್ನು ಬಿಟ್ಟೇ ಓದುತ್ತಿದ್ದರಂತೆ. ಮಾವನವರಿಗೆ ಅದು ಬಾಯಿಪಾಠ, ಓದಿ ಹೇಳಬೇಕಾಗಿರಲಿಲ್ಲ. ನಾನು ಮೊದಲ ಸಲ ಅದನ್ನು ಓದಿದಾಗ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ.

“ಏನಂದಿ? ಇನ್ನೊಮ್ಮೆ ಓದು,” ಅಂದರು.

ಓದಿದೆ. ಅವರು ಮಾವನವರ ಕಡೆಗೆ ನೋಡಿದರು. ಮಾವನವರು ಮಾಳಿಗೆಯ ಕಡೆಗೆ ನೋಡಿದರು. ರೊಟ್ಟಿ ಮತ್ತೆ ಶುರುವಾಯಿತು, ಆದರೆ ಆ ಸಲ ಬಡಿತ ಜೋರಾಗಿತ್ತು. ಕಂಪನಿಯವರು ಮಾವನವರಿಗೆ ಪಾಸು ಕೊಡುತ್ತಿದ್ದರು. ಅವು ಮನೆಯೊಳಗೆ ಬರುತ್ತಲೇ ಇರಲಿಲ್ಲ; ಗೋಡೆಗೆ ಪೋಸ್ಟರ್ ಹಚ್ಚಲು ಬಿಟ್ಟ ಅಂಗಡಿಯವರಿಗೆ, ಟಾಂಗಾದ ಗೆಳೆಯನಿಗೆ, ಬ್ಯಾಟರಿ ಚಾರ್ಜ್ ಮಾಡಿಕೊಟ್ಟವನಿಗೆ ಹೋಗುತ್ತಿದ್ದವು. ಅತ್ತೆ ಕೇಳಿದರೆ “ಮುಂದಿನ ಕಂಪನಿ ಬರಲಿ, ತಡಿ” ಎಂಬ ಉತ್ತರ. ಇದು ಜಗಳವೆನ್ನುವಷ್ಟು ದೊಡ್ಡದಾಗಿ ಯಾವತ್ತೂ ನಡೆಯಲಿಲ್ಲ. ಪ್ರತಿ ಕಂಪನಿ ಬಂದಾಗ ಒಂದು ಹೊತ್ತು ಪಲ್ಯಕ್ಕೆ ಉಪ್ಪು ಹೆಚ್ಚಾಗುತ್ತಿತ್ತು, ಅಷ್ಟೇ.

ಟ್ರಂಕಿನ ಕೆಲಸವನ್ನು ನನಗೆ ಯಾರೂ ಹೇಳಲಿಲ್ಲ, ನಾನೇ ತೆಗೆದುಕೊಂಡೆ. ಮಣ್ಣಿನ ಮಾಳಿಗೆ ಒಂದು ಮಳೆಗಾಲದಲ್ಲಿ ಸೋರಿ ಟ್ರಂಕಿನ ಮುಚ್ಚಳದ ಸಂದಿನಿಂದ ನೀರು ಇಳಿದಿತ್ತು. ಗುಲಾಬಿ ಹಾಳೆಯ ಬಣ್ಣ ಬಿಟ್ಟು ಪಕ್ಕದ ಬಿಳಿ ಹಾಳೆಯ ಹೀರೋನ ಮುಖವೆಲ್ಲ ಕೆಂಪಾಗಿತ್ತು. ಎಳೆದು ಬಿಡಿಸಿದರೆ ಹರಿಯುತ್ತವೆಂದು ಒದ್ದೆಯಾಗಿದ್ದಾಗಲೇ ಒಂದೊಂದರ ನಡುವೆ ಮಾವನವರ ಹಳೆಯ ಧೋತರದ ತುಂಡು ಹಾಕುತ್ತ ಬಿಡಿಸಿ, ನೆರಳಿನಲ್ಲಿ ಹರಡಿದೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತವೆ, ಆದರೆ ಹಳದಿ ಮತ್ತು ಗುಲಾಬಿ ಹಾಳೆಗಳು ಒಂದೇ ದಿನದಲ್ಲಿ ಬಣ್ಣ ಕಳೆದುಕೊಂಡು ಸತ್ತ ಎಲೆಯಂತಾಗುತ್ತವೆ. ಇದನ್ನು ಒಂದು ಹಾಳೆ ಕಳೆದುಕೊಂಡು ಕಲಿತೆ. ಟಾಚಣಿ, ಅಂದರೆ ಗುಂಡುಸೂಜಿ, ಚುಚ್ಚಬಾರದು, ತುಕ್ಕು ಹಿಡಿದು ತೂತು ದೊಡ್ಡದಾಗುತ್ತದೆ. ರಬ್ಬರ್ ಸುತ್ತಬಾರದು, ಬೇಸಗೆಗೆ ಕರಗಿ ಅಂಟುತ್ತದೆ. ಹರಿದದ್ದಕ್ಕೆ ಹಿಟ್ಟಿನ ಅಂಟು ಹಚ್ಚಿದರೆ ಜಿರಲೆ ಕರೆದು ಊಟಕ್ಕಿಟ್ಟಂತೆ. ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಟ್ಟರೆ ಹುಳ ಬರುವುದಿಲ್ಲ. ಗೋಡೆಗೆ ಹಚ್ಚುವ ದೊಡ್ಡ ಪೋಸ್ಟರುಗಳನ್ನು ಮಡಚಿದರೆ ಮಡಿಕೆಯಲ್ಲೇ ಸೀಳುತ್ತವೆ, ಆದ್ದರಿಂದ ಅರಿವೆ ಅಂಗಡಿಯಿಂದ ಬಟ್ಟೆಯ ಥಾನು ಸುತ್ತುವ ರಟ್ಟಿನ ಕೊಳವೆ ಬೇಡಿ ತರಿಸಿ ಅದರ ಮೇಲೆ ಸುತ್ತಿಟ್ಟೆ. ಆಮೇಲೆ ಪ್ರತಿ ವರ್ಷ ಮಳೆ ಮುಗಿದು ತಂಪು ಗಾಳಿ ಬೀಸತೊಡಗಿದಾಗ ಎಲ್ಲವನ್ನೂ ಹೊರಗೆ ತೆಗೆದು ಗಾಳಿಗಿಟ್ಟು ತಿರುಗಿ ತುಂಬುವುದು ನನ್ನ ವ್ರತವಾಯಿತು. ನಿಮ್ಮವ್ವ ಅಕ್ಷರ ಕಲಿತದ್ದು ಆ ದಿನಗಳಲ್ಲಿ, ಆ ಹಾಳೆಗಳ ಮೇಲೆ ಬೆರಳಿಟ್ಟು. ‘ಅ’ ಅಂದರೆ ಅರಸ ಎಂದು ಸಾಲಿಯಲ್ಲಿ ಹೇಳಿಕೊಟ್ಟರೆ ಇವಳು ‘ಅ’ ಅಂದರೆ ಅದ್ಭುತ, ಅಮೋಘ ಎನ್ನುತ್ತಿದ್ದಳು.

ಮನೆಮನೆಗೆ ಟಿ.ವಿ. ಬಂತು. ಟಾಂಗಾ ಹೋಗಿ ಆಟೋ ಬಂತು. ಮೈಕ್ ಹಿಡಿದು ಕೂಗುವ ಬದಲು ಕ್ಯಾಸೆಟ್ ಹಾಕಿಬಿಡುವುದು ಶುರುವಾಯಿತು. ನಿಮ್ಮ ಅಜ್ಜ ಆಟೋ ನಡೆಸುತ್ತಿದ್ದರಲ್ಲ, ಪ್ರಚಾರದ ಕೆಲಸ ಅವರಿಗೇ ಬಂತು. ಆದರೂ ಕಟ್ಟು ಮೊದಲು ಮನೆಗೆ ಬರಬೇಕು, ಒಂದು ಹಾಳೆ ಜಗಲಿ ಏರಬೇಕು, ಇದು ತಪ್ಪಲಿಲ್ಲ. ಒಂದು ಮಳೆಗಾಲದ ಕೊನೆಗೆ ಮಾವನವರು ಮಲಗಿದವರು ಏಳಲಿಲ್ಲ. ಅವರು ಹೋಗಿ ವರ್ಷ ತುಂಬುವ ಪೂಜೆ ಹತ್ತಿರ ಬಂದಾಗ ಮನೆ ಸಾರಿಸಿ ಸುಣ್ಣ ಹೊಡೆಯುವ ಕೆಲಸ ನಡೆದಿತ್ತು. ಅತ್ತೆ ಟ್ರಂಕಿನ ಮುಂದೆ ನಿಂತು ನಿಮ್ಮ ಅಜ್ಜನಿಗೆ ಅಂದರು:

“ಇದನ್ನ ಆಟೋದಾಗ ಹಾಕ್ಕೊಂಡು ಹೋಗಿ ಉಣಕಲ್ ಕೆರಿಗೆ ಬಿಟ್ಟು ಬಾ. ದೇವರಿಗೆ ಇಟ್ಟದ್ದು, ರದ್ದಿಗೆ ಹಾಕಾಕ ಬರಂಗಿಲ್ಲ. ಇಟ್ಟಾವರ ಹ್ವಾದ್ರು, ಇನ್ನ ನೀರಿಗೆ ಬಿಡೂದ ಪದ್ಧತಿ.”

“ಆತವಾ,” ಅಂದರು ನಿಮ್ಮ ಅಜ್ಜ. ಅವರು ತಾಯಿಯ ಮಾತಿಗೆ ಬೇರೆ ಏನನ್ನೂ ಅಂದವರಲ್ಲ. ನಾನು ಸುಣ್ಣದ ಬಕೆಟ್ ಹಿಡಿದು ನಿಂತಿದ್ದೆ. ಕಳೆದ ವರ್ಷದ ದೇವರ ಫೋಟೋ, ಕಲಶದ ಕಾಯಿ, ಬಾಡಿದ ಹೂ, ಎಲ್ಲವನ್ನೂ ನೀರಿಗೆ ಬಿಡುವ ಮನೆ ಅದು. ಅತ್ತೆ ಅಂದದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ನೀರಿಗೆ ಬಿಡುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಅತ್ತೆಯೇ ಟ್ರಂಕು ತೆಗೆದು ಪಡಸಾಲೆಯಲ್ಲಿ ಕೂತರು. ನಾನು ಒಂದೊಂದೇ ಹಾಳೆ ಎತ್ತಿ ಕೊಡುತ್ತಿದ್ದೆ. ಅಕ್ಷರ ಬಾರದ ಅತ್ತೆ ಬಣ್ಣ ನೋಡಿ, ಚಿತ್ರ ನೋಡಿ ಪ್ರತಿಯೊಂದನ್ನೂ ಗುರುತು ಹಿಡಿದರು.

“ಇದು ಹಸರ ಸರ್ಕಸ್ಸು. ಆವತ್ತ ನಿನ್ನ ಗಂಡಗ ಜ್ವರ ಬಂದು ಮೈ ಕಾದ ಹಂಚ ಆಗಿತ್ತು. ಬಗಲಾಗ ಹೊತಗೊಂಡು ನಾ ಒಬ್ಬಾಕಿನ ದವಾಖಾನಿಗೆ ಓಡಿದ್ದೆ. ದಾರ್ಯಾಗ ಭೋಂಗಾ ಕೇಳಸಾಕತ್ತಿತ್ತು, ಬರ್ರಿ ಬರ್ರಿ ಅಂತ. ಇದು ನೋಡು, ಹಳದಿ. ನನ್ನ ತಮ್ಮನ ಲಗ್ನದಾಗ ಬಂದಿದ್ದು. ಲಗ್ನಕ್ಕೂ ನಾ ಒಬ್ಬಾಕಿನ ಹೋದೆ. ಇದು ಮೋಟರ್‌ಸೈಕಲ್ಲು ಬಾವ್ಯಾಗ ಓಡಿಸೂದು. ಆವತ್ತ ಏನೂ ಆಗಿದ್ದಿಲ್ಲ. ಮನ್ಯಾಗ ಸುಮ್ಮನ ಕುಂತಿದ್ದೆ. ಸೀರಿ ಉಟಗೊಂಡು, ಹೂ ಮುಡಕೊಂಡು ಕುಂತಿದ್ದೆ.”

ಹಾಳೆಯನ್ನು ನೆಲದ ಮೇಲಿಟ್ಟು ಅತ್ತೆ ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಅವರಿಗೆ ಓದಲಿಕ್ಕೆ ಬರುತ್ತಿರಲಿಲ್ಲ, ಆದರೆ ಆ ಸಾಲು ಎಲ್ಲಿರುತ್ತದೆಂದು ಗೊತ್ತಿತ್ತು.

“ಹೆಂಗಸರಿಗೆ ಬ್ಯಾರೇ ಕುಂದ್ರಾಕ ಜಾಗಾ ಐತಿ ಅಂತ ಊರ ತುಂಬಾ ಒದರಿದ ಮನಷ್ಯಾ. ದೇವರನ್ನ ಕರದ, ಊರನ್ನ ಕರದ, ಒಂದಿನ ನನಗ ಬಾ ಅನ್ನಲಿಲ್ಲ. ನಾ ಇವನ್ನ ಇನ್ನೆಷ್ಟ ವರ್ಷ ಮನ್ಯಾಗ ಇಟಗೊಂಡು ನೋಡ್ಲಿ?”

ಪದ್ಧತಿಯ ಹಿಂದೆ ಇದು ಇತ್ತು. ನನಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ, ಬದಲಾಗಿ ಅವರ ಕೈ ಹಿಡಿದುಕೊಳ್ಳಬೇಕೆನಿಸಿತು. ಆದರೆ ಹಾಳೆಗಳು ನನಗೆ ಬೇಕಾಗಿದ್ದವು. ಅವರಿಗೆ ಅವು ತಾನು ಹೋಗದ ಸಂಜೆಗಳು, ನನಗೆ ನನ್ನ ದನಿ. ಅವರ ನೋವು ದೊಡ್ಡದೆಂದು ನನ್ನದನ್ನು ಕೆರೆಗೆ ಬಿಡಲು ನಾನು ತಯಾರಿರಲಿಲ್ಲ. ಆ ಮನೆಗೆ ಬಂದು ಅಷ್ಟು ವರ್ಷಗಳಾದರೂ ಅತ್ತೆಯ ಮಾತಿಗೆ ನಾನು ಒಮ್ಮೆಯೂ ಎದುರಾಡಿರಲಿಲ್ಲ. ಮಾವನವರು ಹೇಳಿಕೊಟ್ಟಂತೆ ಹೊಟ್ಟೆಯಿಂದ ಉಸಿರು ತೆಗೆದುಕೊಂಡೆ.

“ಅತ್ತೀ, ದೇವರಿಗೆ ಇಟ್ಟಿದ್ದನ್ನ ತಿರುಗಿ ತಗೊಂಡ್ರ ಅದು ಪ್ರಸಾದ ಹೌದಲ್ರೀ?”

“ಹೌದು.”

“ಪ್ರಸಾದ ಯಾರರ ನೀರಿಗೆ ಬಿಡತಾರೇನ್ರಿ? ಗಂಗಾಳದಾಗಿಂದು ಒಂದ ಅಗಳ ಕೆಳಗ ಬಿದ್ರ ಆರಿಸಿ ತಿನ್ನು ಅಂತ ನನಗ ನೀವ ಕಲಿಸೀರಿ. ಈ ಹಾಳಿ ಜಗಲಿ ಮ್ಯಾಲಿಂದ ಇಳದು ಬಂದಾವ. ಇವನ್ನ ಕೆರ್‍ಯಾಗ ಕೊಳಸಿದ್ರ ಪ್ರಸಾದ ಕೆಡಿಸಿದಂಗ ಆಗಂಗಿಲ್ಲೇನ್ರಿ?”

ನಿಮ್ಮ ಅಜ್ಜ ಬಾಗಿಲಲ್ಲಿ ನಿಂತವರು ನನ್ನನ್ನು ಬೇರೆ ಯಾರನ್ನೋ ನೋಡಿದಂತೆ ನೋಡಿದರು. ಅತ್ತೆ ಹಾಳೆಯಿಂದ ಕಣ್ಣೆತ್ತಿದರು.

“ಅಲಲಲಾ! ಇಷ್ಟ ಮಾತ ಹೊಟ್ಯಾಗ ಇಟಗೊಂಡು ಕುಂತಿದ್ದಿ ಏನ? ನಿಮ್ಮಪ್ಪ ನಮ್ಮ ಹುಡುಗಿ ಮೂಕಿ ಅದಾಳ ಅಂತ ಹೇಳಿ ಮೋಸ ಮಾಡ್ಯಾನ.” ಆಮೇಲೆ ಅವರ ಮುಖದಲ್ಲಿ ಒಂದು ನಗು ಮೂಡಿತು. ಆ ನಗು ನನಗೆ ಒಳ್ಳೆಯದೆನಿಸಲಿಲ್ಲ. “ಆತು. ಪ್ರಸಾದ ಅಂದಿ. ಪ್ರಸಾದ ಒಬ್ಬರ ಕಟ್ಟಿ ಇಟಗೋತಾರೇನು? ಹಂಚಬೇಕು. ವರ್ಷದ ಊಟಕ್ಕ ಬಂದ ಮಂದಿಗೆಲ್ಲಾ ಒಂದೊಂದು ಹಂಚಿಬಿಡು. ನಿನ್ನ ಕೈಯಾರ ಹಂಚು.”

ನನ್ನ ಮಾತಿನಿಂದಲೇ ನನ್ನನ್ನು ಕಟ್ಟಿಹಾಕಿದ್ದರು. ಹೌದೆನ್ನದೆ ದಾರಿ ಇರಲಿಲ್ಲ. ಆ ವಾರವೆಲ್ಲ ನಾನು ಹಾಳೆಗಳನ್ನು ಒರೆಸಿ, ಮಡಿಕೆ ಬಿಡಿಸಿ, ಮಗಳನ್ನು ಬೀಗರ ಮನೆಗೆ ಕಳಿಸುವ ತಯಾರಿಯಂತೆ ಜೋಡಿಸಿದೆ. ನೀರಿನಲ್ಲಿ ಕರಗುವುದಕ್ಕಿಂತ ಯಾರದೋ ಮನೆಯಲ್ಲಿ ಇರಲಿ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಕೇಳಲಿಲ್ಲ.

ಪೂಜೆಯ ದಿನ ಓಣಿ ತುಂಬ ಜನ. ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ ಸಾರು ಉಂಡು ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ನಾನು ಪಡಸಾಲೆಯ ಬಾಗಿಲಿಗೆ ಹಾಳೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸೆರಗು ಹಣೆಯವರೆಗೆ ಎಳೆದಿದ್ದೆ. ಮೊದಲು ಬಂದವರು ಮಾವನವರ ಟಾಂಗಾದ ಗೆಳೆಯ ಹುಸೇನ ಕಾಕಾ. ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು.

“ನನಗ ಓದಾಕ ಬರಂಗಿಲ್ಲ ಬೇಟಿ. ಏನ ಬರದೈತಿ ಹೇಳು.”

ಕಟ್ಟೆಯ ಮೇಲೆ ಅಷ್ಟು ಗಂಡಸರು. ಓದಬೇಕೋ ಬೇಡವೋ ಎಂದು ಒಳಗೆ ನೋಡಿದೆ. ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದರು, ಬೇಡ ಎನ್ನಲಿಲ್ಲ. ನಾನು ಹಾಳೆ ಹಿಡಿದು ಓದಿದೆ. ಓದಲಿಲ್ಲ, ಕರೆದೆ. ‘ಹುಬ್ಬಳ್ಳಿಯ ಮಹಾಜನರೇ’ ಎಂದು ಎಳೆದು ನಿಲ್ಲಿಸಿದೆ. ಎಲೆ ಅಡಿಕೆ ಜಗಿಯುವ ಬಾಯಿಗಳು ನಿಂತವು. ‘ಆಕಾಶದಲ್ಲಿ ತೇಲುವ ಸುಂದರಿಯರು, ಗರ್ಜಿಸುವ ಹುಲಿಗಳು’ ಅಂದೆ. ಓಣಿಯ ಆ ತುದಿಯಲ್ಲಿ ಆಡುತ್ತಿದ್ದ ಮಕ್ಕಳು ಓಡಿ ಬಂದರು. ‘ಇಂದೇ ಬನ್ನಿರಿ’ ಎಂದು ಮುಗಿಸಿದಾಗ ಹುಸೇನ ಕಾಕಾ ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಯಾ ಅಲ್ಲಾ! ಶಿವಪ್ಪ ಇಷ್ಟ ವರ್ಷ ಈಕಿ ಹಂಗ ಒದರತಿದ್ದನಲ್ಲೋ!”

ಕಟ್ಟೆಯ ಮೇಲಿನ ಜನ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಸೆರಗು ಜಾರಿದ್ದು ನನಗೆ ತಿಳಿಯಲೇ ಇಲ್ಲ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ಯಾರಿಗೂ ಬರೀ ಹಾಳೆ ಸಾಕಾಗಲಿಲ್ಲ, ಎಲ್ಲರಿಗೂ ಓದಿಸಿಕೊಳ್ಳಬೇಕಿತ್ತು. ಒಬ್ಬಾಕೆ ತನ್ನ ಗಂಡ ಲಗ್ನವಾದ ಹೊಸತರಲ್ಲಿ ಕರೆದುಕೊಂಡು ಹೋದ ನಾಟಕದ ಹಾಳೆ ಬೇಕೆಂದು ಹಟ ಹಿಡಿದಳು. ಚಹಾದ ಅಂಗಡಿಯವನು ಸಣ್ಣವನಿದ್ದಾಗ ಡೇರೆಯ ಕೆಳಗೆ ತೂರಿ ಹೋಗಿ ಒದೆ ತಿಂದ ಸರ್ಕಸ್ಸನ್ನು ಹುಡುಕಿಸಿದ. ಓದಿದ್ದನ್ನು ಕೇಳಿದ ಮೇಲೆ ಬಹಳ ಜನ ಹಾಳೆಯನ್ನು ನನ್ನ ಕೈಗೇ ತಿರುಗಿ ಕೊಟ್ಟರು. “ನಮ್ಮ ಮನ್ಯಾಗ ಇಲಿ ಕಡಿತಾವ ಯವ್ವಾ. ನೀನ ಇಟಗೋ. ಬೇಕಾದಾಗ ಬಂದು ಕೇಳತೇವಿ.” ಕೆಲವರು ಒಯ್ದರು. ಕುದುರೆಯ ಮೇಲೆ ನಿಂತ ಹುಡುಗಿಯ ನೀಲಿ ಹಾಳೆ ಅರಿವೆ ಅಂಗಡಿಯ ಮುದುಕರ ಸಂಗಡ ಹೋಯಿತು. ಅದು ನನಗೆ ಬಹಳ ಬೇಕಾದದ್ದು. ಕೊಟ್ಟೆ. ಬಿಸಿಲಿಗೆ ಇಡಬೇಡಿರಿ, ಟಾಚಣಿ ಚುಚ್ಚಬೇಡಿರಿ ಎಂದು ಅವರಿಗೆ ತಾಕೀತು ಮಾಡಿದೆ. ಅಷ್ಟು ದೊಡ್ಡ ಮನುಷ್ಯರು “ಹೂನವಾ” ಎಂದು ಗೋಣು ಹಾಕಿದರು.

ಎಲ್ಲರೂ ಹೋದ ಮೇಲೆ ಅತ್ತೆ ಬಂದು ಉಳಿದ ಕಟ್ಟಿನ ಪಕ್ಕದಲ್ಲಿ ಕೂತರು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನಾನು ಅದನ್ನು ಟ್ರಂಕಿಗೆ ತುಂಬಲೋ ಬೇಡವೋ ಎಂದು ಅವರ ಮುಖ ನೋಡಿದೆ.

“ಹಂಚು ಅಂದೆ, ಹಂಚಿದಿ. ತಿರುಗಿ ಬಂದದ್ದು ನಿಂದು,” ಅಂದರು. “ಆದ್ರ ಎಲ್ಲಾರಿಗೂ ಕೊಟ್ಟಿ, ನನಗೊಂದು ಕೊಡಲಿಲ್ಲ.”

“ಯಾವುದು ಬೇಕ್ರಿ ಅತ್ತಿ? ತಗೋರಿ, ಆರಿಸ್ರಿ.”

“ಇವ್ಯಾವೂ ಬ್ಯಾಡ. ಇವೆಲ್ಲಾ ಮುಗದು ಹ್ವಾದವು. ಮುಂದ ಬರೂದು ಕೊಡು.”

ಮುಂದೆ ಬರುವುದು ಬರಲು ಬಹಳ ದಿನ ಹಿಡಿಯಿತು. ಬೇಸಗೆಗೆ ಮೈದಾನದಲ್ಲಿ ಸರ್ಕಸ್ಸಿನ ಡೇರೆ ಎದ್ದಿತು. ಪ್ರಚಾರ ನಿಮ್ಮ ಅಜ್ಜನದೇ. ಅವರು ಪಾಸು ತಂದು ಅವ್ವನ ಕೈಯಲ್ಲಿ ಇಟ್ಟರು. ಅತ್ತೆ ಅದನ್ನು ತಿರುಗಿ ಕೊಟ್ಟುಬಿಟ್ಟರು.

“ಪಾಸ ಬ್ಯಾಡೋ. ಅದನ್ನ ಬ್ಯಾಟರಿ ಚಾರ್ಜ್ ಮಾಡಾಂವಗ ಕೊಡು, ಪದ್ಧತಿ ಬಿಡಬ್ಯಾಡ. ನಾ ಟಿಕೆಟ್ ತಗದ ಹೋಗಾಕಿ.”

ಅತ್ತೆ, ನಾನು, ನಡುವೆ ನಿಮ್ಮವ್ವ. ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಟಿಕೆಟ್ ಹರಿದು ಅರ್ಧ ತಿರುಗಿ ಕೊಟ್ಟಾಗ ಉಳಿದ ಅರ್ಧ ಯಾಕೆ ಇಟ್ಟುಕೊಂಡೆ ಎಂದು ಬಾಗಿಲವನ ಸಂಗಡ ಜಗಳಕ್ಕೆ ನಿಂತರು. ಒಳಗೆ ಮರದ ಹಲಗೆಯ ಮೇಲೆ ಕೂತೆವು. ಜೋಕಾಲಿಯಿಂದ ಜೋಕಾಲಿಗೆ ಹಾರುವ ಹುಡುಗಿ ಕೈ ಬಿಟ್ಟಾಗ ನನ್ನ ಮಣಿಕಟ್ಟು ಹಿಡಿದುಕೊಂಡರು, ಅವಳು ಆ ಕಡೆಯ ಕೈ ಹಿಡಿದ ಮೇಲೂ ಬಿಡಲಿಲ್ಲ. ನಾಯಿಗಳು ಬಂದು ಚೆಂಡು ಒದ್ದವು. ಒಂಟೆ ಬಂತು. ಗಿಳಿ ಪುಟ್ಟ ಸೈಕಲ್ ತುಳಿಯಿತು. ಅತ್ತೆ ಕತ್ತು ಚಾಚಿ ಪರದೆಯ ಕಡೆಗೆ ನೋಡುತ್ತಲೇ ಇದ್ದರು.

“ಹುಲಿ ಎಲ್ಲಿ?”

“ಹುಲಿ ಸಿಂಹ ಸರ್ಕಾರದಾವರು ಬಂದ್ ಮಾಡ್ಯಾರ್ರಿ ಅತ್ತಿ. ಈಗ ಸರ್ಕಸ್ಸಿನ್ಯಾಗ ಇರಂಗಿಲ್ಲ.”

“ನೋಡಿದೇನು? ನಾ ಬರೂತನಕ ಹುಲೀನೂ ತಡೀಲಿಲ್ಲ!” ಎಂದು ಅತ್ತೆ ಎಷ್ಟು ಜೋರಾಗಿ ನಕ್ಕರೆಂದರೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದೆ.

ಮನೆಗೆ ಬಂದು ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿ ಅರ್ಧ ಟಿಕೆಟ್ ಹೊರಗೆ ತೆಗೆದರು. ಬೆವರಿಗೆ ಮೆತ್ತಗಾಗಿತ್ತು. ನಾನು ಅದನ್ನು ಧೋತರದ ತುಂಡಿನ ನಡುವೆ ಇಟ್ಟು ಒತ್ತಿ ಒಣಗಿಸಿದೆ. ಮರುದಿನ ಮುಂಜಾನೆ ರೂಢಿಯಂತೆ ವಿಭೂತಿ ಎಳೆದು ಜಗಲಿಯ ಮೇಲೆ ಇಡಲು ಹೋದರೆ ಅತ್ತೆ ಹಿಂದಿನಿಂದ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡರು.

“ದೇವರಿಗೆ ಭಾಳ ಕೊಟ್ಟೇವಿ. ಇದು ನಂದು.”

ಟ್ರಂಕಿನ ಮುಚ್ಚಳ ನನ್ನಿಂದ ತೆಗೆಸಿ, ಎಲ್ಲಿಡಬೇಕೆಂದು ಸ್ವಲ್ಪ ಹೊತ್ತು ನೋಡಿ, ಎಲ್ಲಕ್ಕಿಂತ ಮೇಲೆ ತಾವೇ ಇಟ್ಟರು. ಮುಚ್ಚಿದ ಮೇಲೂ ಅಲ್ಲೇ ನಿಂತಿದ್ದರು. ಆಮೇಲೆ ಅಡಿಗೆಮನೆಯ ಕಡೆಗೆ ಹೋಗುತ್ತ, ನನ್ನ ಕಡೆಗೆ ತಿರುಗದೆಯೇ ಕೇಳಿದರು:

“ನಾಟಕ ಕಂಪನಿ ಯಾವಾಗ ಬರತೈತಂತ? ನಿನ್ನ ಗಂಡನ್ನ ಕೇಳು.”